ದುಃಖದಲ್ಲೂ ನಿಲ್ಲದ ಪಯಣ

ಮಿಶ್ರಿಕೋಟಿಯಿಂದ ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿದರೆ ಗದಗ, ವಿಜಯಪುರ ದಾಟಿ ಸೊಲ್ಲಾಪುರ ಮುಟ್ಟಬಹುದು. ಕನ್ನಡ, ಮರಾಠಿ ಎರಡೂ ಕೇಳಿಬರುವ ಆ ಊರಿನಲ್ಲಿ 1910ರಲ್ಲಿ ಹುಟ್ಟಿದವರು ಡಾ. ದ್ವಾರಕಾನಾಥ ಕೋಟ್ನಿಸ್.

ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾ ನೆರವು ಬೇಡಿದಾಗ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಕೋಟ್ನಿಸರೂ ಒಬ್ಬರು. 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗೇರಿದರು. ಚುಂಗ್‌ಕಿಂಗ್ ನಗರದಲ್ಲಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂದಿತು. ಆಗ ಮನೆಗೆ ಮರಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮರಳಲಿಲ್ಲ. ಜೊತೆಗಾರರೊಡನೆ ಮೋಟಾರು ವಾಹನವೇರಿ, ಚಳಿಗಾಲದ ಕಠಿಣ ದಾರಿಯಲ್ಲಿ ಉತ್ತರಕ್ಕೆ ಹೊರಟರು. 1939ರ ಫೆಬ್ರವರಿಯಲ್ಲಿ ಯೆನಾನ್ ತಲುಪಿ ಗಾಯಾಳುಗಳ ಸೇವೆಗೆ ನಿಂತರು.

ಮುಂದೆ ಡಾ. ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. ಅಲ್ಲಿಯ ದಾದಿ ಗುವೊ ಚಿಂಗ್ಲಾನ್ ಅವರನ್ನು 1941ರಲ್ಲಿ ಮದುವೆಯಾದರು. ಮರುವರ್ಷ ಗಂಡುಮಗು ಹುಟ್ಟಿತು. ಮಗುವಿಗೆ ನಾಲ್ಕು ತಿಂಗಳೂ ತುಂಬುವ ಮೊದಲೇ, 1942ರ ಡಿಸೆಂಬರ್ 9ರಂದು, ಮೂರ್ಛೆರೋಗ ಅವರನ್ನು ಬಲಿ ತೆಗೆದುಕೊಂಡಿತು. ವಯಸ್ಸು ಬರೀ 32.

ಓದುಗರೇ, ಸೇವೆಯ ಕರೆ ಬಂದಾಗ ನಾವು ಮೊದಲು ಮನೆಯ ತೊಂದರೆಗಳನ್ನು ಎಣಿಸುತ್ತೇವೆ. ತೊಂದರೆಗಳು ಸುಳ್ಳಲ್ಲ, ಕೋಟ್ನಿಸರ ದುಃಖವೂ ಸುಳ್ಳಾಗಿರಲಿಲ್ಲ. ನಾವು ಚೀನಾಕ್ಕೆ ಹೋಗಬೇಕಾಗಿಲ್ಲ. ದವಾಖಾನೆಗೆ ಜೊತೆಯಿಲ್ಲದ ನೆರೆಯವರಿದ್ದರೆ, ಈ ವಾರ ಹುಬ್ಬಳ್ಳಿಯವರೆಗೆ ಅವರೊಡನೆ ಹೋಗಿಬನ್ನಿ.