ಸಾಮಾನಿಗೂ ಸ್ಥಳ ಕೊಟ್ಟ ಶಿಲ್ಪಿ: ಅಲೆಕ್ ಇಸಿಗೋನಿಸ್

ಊರು ಬಿಟ್ಟು ಬಂದವನಿಗೆ ಸ್ಥಳದ ಬೆಲೆ ತಿಳಿದಿರುತ್ತದೆ. ಕಬ್ಬಿಣದ ಟ್ರಂಕು, ಚಾಪೆಯಲ್ಲಿ ಸುತ್ತಿದ ಹಾಸಿಗೆ, ತಾಯಿ ಕಟ್ಟಿಕೊಟ್ಟ ಹಪ್ಪಳ ಉಪ್ಪಿನಕಾಯಿಗಳ ಗಂಟು, ಇಷ್ಟನ್ನು ಹೊತ್ತುಕೊಂಡು ಪರಸ್ಥಳದ ರೈಲು ನಿಲ್ದಾಣದಲ್ಲಿ ಇಳಿದವರು ನಮ್ಮ ವಾಚಕರಲ್ಲಿ ಬಹುಮಂದಿ. ನಾಲ್ವರು ಮಲಗುವ ಕೋಣೆಯಲ್ಲಿ ಆ ಟ್ರಂಕಿಗೊಂದು ಎಡೆ ಮಾಡಿಕೊಂಡ ಮೇಲೆಯೇ ಅವರು ಆ ಊರಿನವರಾದರು. ಹೋಟೆಲಿನ ಅಡಿಗೆಮನೆಯ ವಿದ್ಯೆಯೂ ಇದೇ. ಒಲೆಗೆ ಮೊದಲು ಸ್ಥಾನ ನಿಶ್ಚಯಿಸಿ, ಉಳಿದ ಎಡೆಯಲ್ಲಿ ಮನುಷ್ಯರು ಹೇಗಾದರೂ ತಿರುಗಾಡಿಕೊಳ್ಳಲಿ ಎಂದರೆ ಕೆಲಸ ಕೆಡುತ್ತದೆ. ಆಳುಗಳ ಓಡಾಟವನ್ನೂ ಅಕ್ಕಿ ಬೇಳೆಗಳ ಮೂಟೆಗಳನ್ನೂ ಮೊದಲು ಲೆಕ್ಕಕ್ಕೆ ಹಿಡಿದು, ಆಮೇಲೆ ಒಲೆ ಹೂಡಿದರೆ ಕೆಲಸ ಸಾಗುತ್ತದೆ. ಮೋಟಾರು ಕಾರಿನ ವಿಷಯದಲ್ಲಿ ಈ ಮಾತನ್ನು ಮಾಡಿ ತೋರಿಸಿದವನು ಅಲೆಕ್ ಇಸಿಗೋನಿಸ್. ಆತನೂ ಊರು ಬಿಟ್ಟು ಬಂದವನೇ.

ಕಾರುಗಳು ಹುಟ್ಟಿದ ಕಾಲದಲ್ಲಿ ಸಾಮಾನಿಗೆ ಅವುಗಳ ಒಡಲಿನಲ್ಲಿ ಸ್ಥಾನವೇ ಇರಲಿಲ್ಲ. ಪ್ರಯಾಣಿಕನು ತನ್ನ ಪೆಟ್ಟಿಗೆಯನ್ನು ಗಾಡಿಯ ಹಿಂದೆ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದನು. ಮಳೆ, ಧೂಳು, ಕೆಸರು ಎಲ್ಲವೂ ಅದರ ಪಾಲಾಗುತ್ತಿದ್ದವು. ಅಮೆರಿಕದವರು ಕಾರಿನ ಹಿಂಭಾಗದ ಗೂಡನ್ನು ಟ್ರಂಕ್ ಎಂದು ಕರೆಯುವುದು ಹೀಗೆ ಕಟ್ಟುತ್ತಿದ್ದ ಟ್ರಂಕಿನ ನೆನಪಿನಿಂದಲೇ. ನಾವು ಹೇಳುವ ಡಿಕ್ಕಿ ಎಂಬ ಶಬ್ದವೂ ಕುದುರೆಗಾಡಿಯ ಹೊರಭಾಗದ ಆಸನಕ್ಕೆ ಇಂಗ್ಲಿಷರು ಇಟ್ಟಿದ್ದ ಹೆಸರು. ಕ್ರಮೇಣ ಪೆಟ್ಟಿಗೆಯು ಕಾರಿನ ಮೈಯೊಳಗೆ ಸೇರಿತು. ಆದರೂ ಎಂಜಿನು, ಗೇರ್ ಪೆಟ್ಟಿಗೆ, ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ, ಇವೆಲ್ಲ ತಮತಮಗೆ ಬೇಕಾದ ಜಾಗವನ್ನು ಹಿಡಿದು ಮಿಕ್ಕಿದ್ದು ಮಾತ್ರ ಸಾಮಾನಿನ ಪಾಲಿಗೆ ಬರುತ್ತಿತ್ತು.

ಇಸಿಗೋನಿಸನು 1906ನೆಯ ಇಸವಿ ನವೆಂಬರ್ 18ರಂದು, ಆಗ ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಸ್ಮಿರ್ನಾ ಎಂಬ ರೇವು ಪಟ್ಟಣದಲ್ಲಿ ಜನಿಸಿದನು. ಅದು ಈಗಿನ ತುರ್ಕಿಯ ಇಜ್ಮಿರ್ ನಗರ. ತಂದೆ ಕಾನ್ಸ್ಟಂಟೈನ್ ಗ್ರೀಕ್ ಮೂಲದವನು, ಬ್ರಿಟಿಷ್ ಪೌರತ್ವವುಳ್ಳವನು. ಹಡಗುಗಳ ಯಂತ್ರ ಕೆಲಸದ ಕಾರ್ಖಾನೆಯ ಒಡೆಯ. ತಾಯಿ ಹುಲ್ಡಾ ಜರ್ಮನ್ ಮೂಲದವಳು. ಯಂತ್ರಗಳ ಸದ್ದಿನಲ್ಲಿಯೇ ಹುಡುಗನು ಬೆಳೆದನು. ಮೊದಲ ಮಹಾಯುದ್ಧವು ಬ್ರಿಟಿಷ್ ಪ್ರಜೆಗಳಾದ ಆ ಕುಟುಂಬಕ್ಕೆ ಕಷ್ಟವನ್ನು ತಂದಿತು. ಅದರ ಬೆನ್ನಿಗೇ ಗ್ರೀಕರಿಗೂ ತುರ್ಕರಿಗೂ ಯುದ್ಧ ನಡೆಯಿತು. 1922ರ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ಬೆಂಕಿಗೆ ಆಹುತಿಯಾಯಿತು. ಬ್ರಿಟಿಷ್ ಪ್ರಜೆಗಳನ್ನು ಹಡಗುಗಳಲ್ಲಿ ಮಾಲ್ಟಾ ದ್ವೀಪಕ್ಕೆ ಸಾಗಿಸಲಾಯಿತು. ಮನೆ, ಕಾರ್ಖಾನೆ, ಆಸ್ತಿ ಎಲ್ಲವೂ ಹಿಂದೆಯೇ ಉಳಿದವು. ಅದೇ ವರ್ಷ ತಂದೆಯು ಮಾಲ್ಟಾದಲ್ಲಿ ತೀರಿಕೊಂಡನು. ಹದಿನಾರರ ಪ್ರಾಯದ ಮಗನೂ ವಿಧವೆ ತಾಯಿಯೂ ಗುರುತಿಲ್ಲದ ಇಂಗ್ಲೆಂಡಿಗೆ ಬಂದು ಸೇರಿದರು.

ಲಂಡನ್ನಿನ ಬ್ಯಾಟರ್ಸೀ ಪಾಲಿಟೆಕ್ನಿಕ್‌ನಲ್ಲಿ ಆತನು ಎಂಜಿನಿಯರಿಂಗ್ ಕಲಿತನು. ನಕ್ಷೆ ಬರೆಯುವುದರಲ್ಲಿ ಎತ್ತಿದ ಕೈ. ಗಣಿತದಲ್ಲಿ ಮಾತ್ರ ಮೂರು ಸಲ ನಪಾಸಾದನು. ಗಣಿತವು ಕಲ್ಪನೆಯ ಶತ್ರುವೆಂಬುದು ಆತನ ಕೊನೆಯವರೆಗಿನ ನಂಬಿಕೆಯಾಗಿತ್ತು. ಎಸ್.ಎಸ್.ಎಲ್.ಸಿ. ಗಣಿತದ ದಿನ ಕೈ ನಡುಗಿದ ನಮ್ಮಂಥವರಿಗೆ ಇದರಿಂದ ಸ್ವಲ್ಪ ಸಮಾಧಾನವುಂಟಾಗಬಹುದು. ಆದರೆ ಆತನ ಕೈಯಲ್ಲಿದ್ದ ಪೆನ್ಸಿಲು ಎಲ್ಲರಿಗೂ ಲಭಿಸುವುದಿಲ್ಲ. ಮುಂದೆ ಆತನ ಕಾರುಗಳೆಲ್ಲ ಮೊದಲು ಹುಟ್ಟಿದ್ದು ಕೈಯಿಂದ ಬರೆದ ಸಣ್ಣ ಚಿತ್ರಗಳಲ್ಲಿಯೇ.

ಕೆಲವು ಕಾಲ ಲಂಡನ್ನಿನಲ್ಲಿಯೂ ಹಂಬರ್ ಕಂಪನಿಯಲ್ಲಿಯೂ ದುಡಿದು, 1936ರಲ್ಲಿ ಇಸಿಗೋನಿಸನು ಮೋರಿಸ್ ಕಂಪನಿಯನ್ನು ಸೇರಿದನು. ಬಿಡುವಿನ ವೇಳೆಯಲ್ಲಿ ಜಾರ್ಜ್ ಡೌಸನ್ ಎಂಬ ಗೆಳೆಯನೊಡನೆ ಒಂದು ಹಗುರವಾದ ಪಂದ್ಯದ ಕಾರನ್ನು ಸ್ವಂತ ಕೈಯಿಂದ, ವರ್ಷಗಟ್ಟಲೆ ಶ್ರಮಿಸಿ ಕಟ್ಟಿದನು. ಬೇಡವಾದದ್ದನ್ನೆಲ್ಲ ಬಿಟ್ಟುಬಿಡುವ ಪಾಠವನ್ನು ಆತನಿಗೆ ಆ ಕಾರು ಕಲಿಸಿತು.

ಎರಡನೆಯ ಮಹಾಯುದ್ಧ ನಡೆದಿದ್ದಾಗಲೇ ಆತನು ಸಾಮಾನ್ಯ ಸಂಸಾರಸ್ಥನಿಗಾಗಿ ಒಂದು ಕಾರನ್ನು ಮನಸ್ಸಿನಲ್ಲಿ ರೂಪಿಸತೊಡಗಿದ್ದನು. ಅದೇ 1948ರಲ್ಲಿ ಹೊರಬಂದ ಮೋರಿಸ್ ಮೈನರ್. ಗಾಲಿಗಳನ್ನು ಚಿಕ್ಕದು ಮಾಡಿ, ಒಳಗೆ ಕೂಡುವವರಿಗೆ ಜಾಗವನ್ನು ಹೆಚ್ಚಿಸಿದ್ದು ಅದರ ವಿಶೇಷ. ತಯಾರಿಕೆಗೆ ಇನ್ನೇನು ಕೈಹಚ್ಚಬೇಕು ಎನ್ನುವಾಗ, ಕಾರು ಇಕ್ಕಟ್ಟಾಗಿ ಕಾಣುತ್ತಿದೆ ಎಂದು ಆತನಿಗೆ ತೋರಿತು. ಮಾದರಿಯನ್ನು ಉದ್ದಕ್ಕೂ ಎರಡಾಗಿ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸುತ್ತ ಹೋಗಿ, ಕಣ್ಣಿಗೆ ಸರಿಯೆನಿಸಿದಲ್ಲಿ ನಿಲ್ಲಿಸಿದನು. ನಾಲ್ಕು ಅಂಗುಲ ಅಗಲವಾಯಿತು. ಬಂಪರುಗಳು ಆಗಲೇ ತಯಾರಾಗಿಬಿಟ್ಟಿದ್ದುದರಿಂದ ಅವುಗಳನ್ನು ನಡುವೆ ಕತ್ತರಿಸಿ ನಾಲ್ಕಂಗುಲದ ತುಂಡನ್ನು ಸೇರಿಸಬೇಕಾಯಿತು. 1953ರಲ್ಲಿ ಇದೇ ಕಾರಿಗೆ ಮರದ ಚೌಕಟ್ಟಿನ ಉದ್ದನೆಯ ಒಡಲನ್ನೂ ಹಿಂದುಗಡೆ ಜೋಡಿ ಬಾಗಿಲನ್ನೂ ಇಟ್ಟು, ಸಾಮಾನು ಸಾಗಿಸುವವರಿಗೆಂದು ಟ್ರಾವೆಲರ್ ಎಂಬ ರೂಪವನ್ನು ತಂದರು. 1961ರ ಹೊತ್ತಿಗೆ ಮೈನರ್ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು. ಅಷ್ಟನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಅದು. ನಮ್ಮ ದೇಶದಲ್ಲಿ ಬೇಬಿ ಹಿಂದೂಸ್ಥಾನ್ ಎಂಬ ಹೆಸರಿನಿಂದ ಓಡಿದ್ದು ಈ ಮೈನರಿನ ಮಗುವೇ.

1952ರಲ್ಲಿ ಮೋರಿಸ್, ಆಸ್ಟಿನ್ ಕಂಪನಿಗಳು ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಯಿತು. ಇಸಿಗೋನಿಸನು ಅದನ್ನು ಬಿಟ್ಟು ಆಲ್ವಿಸ್ ಎಂಬ ಚಿಕ್ಕ ಕಂಪನಿಗೆ ಹೋಗಿ, 1955ರ ಕೊನೆಗೆ ಹಿಂದಿರುಗಿದನು. ಮರುವರ್ಷ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. ಗುಳ್ಳೆಯಾಕಾರದ ಮೂರು ಗಾಲಿಯ ಪುಟ್ಟ ಗಾಡಿಗಳು ಬೀದಿಯಲ್ಲಿ ಕಾಣತೊಡಗಿದವು. 1957ರಲ್ಲಿ ಕಂಪನಿಯ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್, ಇವನ್ನೆಲ್ಲ ಓಡಿಸುವಂಥ ನಿಜವಾದ ಚಿಕ್ಕ ಕಾರನ್ನು ಬೇಗನೆ ರೂಪಿಸುವಂತೆ ಆಜ್ಞಾಪಿಸಿದನು. ಎಂಜಿನು ಮಾತ್ರ ಕಂಪನಿಯಲ್ಲಿ ಈಗಾಗಲೇ ಇರುವುದೇ ಆಗಬೇಕು ಎಂಬುದೊಂದೇ ಕಟ್ಟಳೆ.

ಇಸಿಗೋನಿಸನು ಎಂಜಿನಿನಿಂದ ಆರಂಭಿಸಲಿಲ್ಲ. ನಾಲ್ವರು ಮನುಷ್ಯರನ್ನೂ ಅವರ ಸಾಮಾನನ್ನೂ ಮೊದಲು ಕೂಡಿಸಿ, ಅವರ ಸುತ್ತ ಕಾರನ್ನು ಕಟ್ಟಿದನು. ಇಡೀ ಕಾರಿನ ಉದ್ದ ಹತ್ತೇ ಅಡಿ. ಎಂಜಿನನ್ನು ಅಡ್ಡಲಾಗಿ ತಿರುಗಿಸಿಟ್ಟು, ಗೇರ್ ಪೆಟ್ಟಿಗೆಯನ್ನು ಅದರ ಅಡಿಯಲ್ಲಿ, ಎಂಜಿನ್ ಎಣ್ಣೆಯ ತೊಟ್ಟಿಯೊಳಕ್ಕೇ ಇಳಿಸಿದನು. ಮುಂದಿನ ಗಾಲಿಗಳೇ ಕಾರನ್ನು ಎಳೆಯುವಂತಾದ್ದರಿಂದ ಹಿಂದಕ್ಕೆ ಹೋಗುವ ದಂಡದ ಅಗತ್ಯವೇ ತಪ್ಪಿತು. ಡನ್ಲಪ್ ಕಂಪನಿಯಿಂದ ಹತ್ತಂಗುಲದ ಪುಟ್ಟ ಗಾಲಿಗಳಿಗೆ ಟೈರು ಮಾಡಿಸಿ, ಗಾಲಿಗಳನ್ನು ನಾಲ್ಕು ಮೂಲೆಗಳಿಗೆ ತಳ್ಳಿದನು. ಸ್ಪ್ರಿಂಗುಗಳ ಬದಲು ಗೆಳೆಯ ಅಲೆಕ್ಸ್ ಮೋಲ್ಟನ್ ರೂಪಿಸಿದ ರಬ್ಬರಿನ ಶಂಕುಗಳನ್ನಿಟ್ಟನು. ಅವು ಹಿಡಿಯುವ ಜಾಗ ಬಲು ಕಡಿಮೆ. ಹೀಗೆ ಕಾರಿನ ನೆಲದಲ್ಲಿ ಐದರಲ್ಲಿ ನಾಲ್ಕು ಪಾಲು ಜನರಿಗೂ ಸಾಮಾನಿಗೂ ದೊರೆಯಿತು.

ಇನ್ನು ಸಾಮಾನಿನ ಗೂಡುಗಳನ್ನು ನೋಡಬೇಕು. ಸಾಮಾನ್ಯವಾಗಿ ಕಾರುಗಳಲ್ಲಿ ಕಿಟಕಿಯ ಗಾಜು ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಅದನ್ನು ಏರಿಸಿ ಇಳಿಸುವ ಯಂತ್ರವೂ ಅಲ್ಲಿಯೇ ಇರುತ್ತದೆ. ಇಸಿಗೋನಿಸನು ಗಾಜನ್ನು ಪಕ್ಕಕ್ಕೆ ಜಾರುವಂತೆ ಮಾಡಿದನು. ಬಾಗಿಲಿನ ಹೊಟ್ಟೆ ಬರಿದಾಯಿತು. ಅಲ್ಲಿ ಬಾಗಿಲಿನ ಉದ್ದಕ್ಕೂ ತೆರೆದ ದೊಡ್ಡದೊಂದು ಚೀಲದಂಥ ಗೂಡನ್ನಿಟ್ಟನು. ಬಾಗಿಲ ಚಿಲಕಕ್ಕೆ ಹಿಡಿಕೆಯ ಬದಲು ಎಳೆಯುವ ತಂತಿಯೊಂದೇ ಸಾಕೆಂದನು. ಆ ಗೂಡಿನ ಅಳತೆಯನ್ನು ತನಗೆ ಪ್ರಿಯವಾದ ಜಿನ್ ಸೀಸೆಯನ್ನು ನೋಡಿಯೇ ನಿಶ್ಚಯಿಸಿದನೆಂದು ಜನ ಹಾಸ್ಯವಾಗಿ ಹೇಳುವುದುಂಟು. ಹಿಂದೆ ಕೂಡುವವರ ಪಕ್ಕದಲ್ಲಿಯೂ ಅಂಥವೇ ಎರಡು ಗೂಡುಗಳು. ಹಿಂದಿನ ಆಸನದ ಅಡಿಯಲ್ಲಿ ಬುಟ್ಟಿ ಇಡುವಷ್ಟು ಎಡೆ. ಚಾಲಕನ ಮುಂದೆ ಗಡಿಯಾರಗಳ ಸಾಲನ್ನು ತೆಗೆದುಹಾಕಿ, ವೇಗಮಾಪಕವೊಂದನ್ನು ನಡುವೆ ನಿಲ್ಲಿಸಿದನು. ಅದರ ಎರಡು ಬದಿಗಳಿಗೂ, ಕಾರಿನ ಅಗಲಕ್ಕೆಲ್ಲ, ನಮ್ಮ ಅಂಗಡಿಗಳ ಗೋಡೆ ಹಲಗೆಯಂತೆ ಒಂದೇ ಹಲಗೆ ಹಬ್ಬಿತು.

ಪೆಟ್ರೋಲ್ ತೊಟ್ಟಿ, ಬ್ಯಾಟರಿ, ಹೆಚ್ಚುವರಿ ಗಾಲಿ ಮೂರೂ ಡಿಕ್ಕಿಯಲ್ಲಿ ಸೇರಿದ್ದರಿಂದ ಅದು ಚಿಕ್ಕದೇ ಆಯಿತು. ಅದಕ್ಕೂ ಆತನು ಉಪಾಯ ಕಂಡನು. ಮುಚ್ಚಳದ ತಿರುಗಣಿಗಳನ್ನು ಮೇಲ್ಗಡೆಯ ಬದಲು ಕೆಳಗಡೆ ಇಟ್ಟನು. ಮುಚ್ಚಳವನ್ನು ತೆರೆದರೆ ಅದು ಮಣೆಯಂತೆ ಹಿಂದಕ್ಕೆ ಮಲಗುತ್ತಿತ್ತು. ಒಳಗೆ ಹಿಡಿಸದ ಪೆಟ್ಟಿಗೆಯನ್ನು ಅದರ ಮೇಲಿಟ್ಟು ಕಟ್ಟಿ ಪ್ರಯಾಣ ಮಾಡಬಹುದಾಗಿತ್ತು. ಆಗ ನಂಬರಿನ ಫಲಕವು ಮರೆಯಾದರೆ ಪೊಲೀಸರ ತೊಂದರೆ ಬರುತ್ತದಲ್ಲವೆ? ಅದಕ್ಕಾಗಿ ಆ ಫಲಕವನ್ನೂ ತಿರುಗಣಿಯಿಂದ ತೂಗಿಬಿಟ್ಟನು. ಮುಚ್ಚಳ ಮಲಗಿದರೂ ಫಲಕ ನೆಟ್ಟಗೆ ನಿಲ್ಲುತ್ತಿತ್ತು.

1959ರ ಆಗಸ್ಟ್ 26ರಂದು ಮಿನಿ ಲೋಕದ ಮುಂದೆ ಬಂದಿತು. ಬೆಲೆ ತೆರಿಗೆ ಸೇರಿ 497 ಪೌಂಡುಗಳಿಗೆ ತುಸು ಕಡಿಮೆ. ಆರಂಭದ ಕಾರುಗಳಲ್ಲಿ ಮಳೆಯ ನೀರು ನೆಲದ ತಗಡಿನ ಸಂದಿಗಳಿಂದ ಒಳಗೆ ನುಗ್ಗಿ ಕಾಲು ತೋಯಿಸಿದ್ದು ದೊಡ್ಡ ಅಪವಾದವಾಯಿತು. ಆ ದೋಷವನ್ನು ಆಮೇಲೆ ಸರಿಪಡಿಸಿದರು. ಇಸಿಗೋನಿಸನು ಹಟವಾದಿ. ಆಸನ ಬಹಳ ಮೆತ್ತಗಿದ್ದರೆ ಚಾಲಕನ ಎಚ್ಚರ ತಪ್ಪುತ್ತದೆಂದೂ ರೇಡಿಯೊ ಅನಗತ್ಯವೆಂದೂ ವಾದಿಸುತ್ತಿದ್ದನು. ಆದರೂ ಜನ ಮಿನಿಯನ್ನು ಅಪ್ಪಿಕೊಂಡರು. ಸಿರಿವಂತರೂ ಗುಮಾಸ್ತರೂ ಒಂದೇ ಕಾರಿನಲ್ಲಿ ಓಡಾಡಿದರು. ಮಾಂಟೆ ಕಾರ್ಲೊ ಪಂದ್ಯವನ್ನು 1964, 1965, 1967ರಲ್ಲಿ ಅದು ಗೆದ್ದಿತು.

ಮುಂದೆ 1962ರಲ್ಲಿ 1100, 1964ರಲ್ಲಿ 1800, 1969ರಲ್ಲಿ ಮ್ಯಾಕ್ಸಿ ಎಂಬ ಕಾರುಗಳು ಬಂದವು. ಮ್ಯಾಕ್ಸಿಗೆ ಹಿಂದುಗಡೆ ಐದನೆಯ ಬಾಗಿಲು. ಹಿಂದಿನ ಆಸನವನ್ನು ಮಡಚಿದರೆ ಸಾಮಾನಿನ ಕೋಣೆಯಾಗುತ್ತಿತ್ತು. ಆದರೆ ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 1968ರಲ್ಲಿ ಕಂಪನಿಯು ಲೇಲ್ಯಾಂಡಿನೊಡನೆ ಕೂಡಿದ ಮೇಲೆ ಇಸಿಗೋನಿಸನ ಮಾತಿಗೆ ಹಿಂದಿನ ತೂಕ ಉಳಿಯಲಿಲ್ಲ. ಮಿನಿಗಿಂತ ಚಿಕ್ಕದಾಗಿದ್ದು ಒಳಗೆ ಹೆಚ್ಚು ಜಾಗವಿದ್ದ ಹೊಸ ಕಾರೊಂದನ್ನು ಆತನು ರೂಪಿಸಿದ್ದನು. ಅದನ್ನು ಮೂಲೆಗೆ ಸರಿಸಿದರು. 1969ರಲ್ಲಿ ಸರ್ ಪದವಿ ದೊರೆಯಿತು. ಅದೇ ವರ್ಷ ಬಂದ ಹೊಸ ಮಿನಿಗೆ, ಇಳಿಯುವ ಗಾಜುಗಳನ್ನಿಟ್ಟರು. ಬಾಗಿಲಿನ ಆ ದೊಡ್ಡ ಗೂಡುಗಳು ಹೋದವು. ಒಂದು ಸುಖವನ್ನು ಕೊಂಡವರು ಒಂದು ಅನುಕೂಲವನ್ನು ತೆತ್ತರು.

1971ರಲ್ಲಿ ಆತನು ನಿವೃತ್ತನಾದನು. ಮದುವೆಯಾಗಿರಲಿಲ್ಲ. ಮಾಲ್ಟಾದಿಂದ ಜೊತೆಯಾಗಿ ಬಂದ ತಾಯಿ 1972ರಲ್ಲಿ ತೀರಿಕೊಂಡಳು. 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಇಸಿಗೋನಿಸನು ಕಾಲವಶನಾದನು. ಆತನ ಮಿನಿಯು 2000ನೆಯ ಇಸವಿಯವರೆಗೆ, 53 ಲಕ್ಷಕ್ಕೂ ಮೀರಿ ತಯಾರಾಯಿತು.

ಎಂಜಿನನ್ನು ಅಡ್ಡವಿಟ್ಟು ಮುಂದಿನ ಗಾಲಿಗಳಿಂದ ಎಳೆಸುವ ಪದ್ಧತಿ ಈಗ ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿದೆ. 1983ರಲ್ಲಿ ನಮ್ಮ ದೇಶಕ್ಕೆ ಬಂದ ಮಾರುತಿ 800 ಕೂಡ ಅದೇ ಪದ್ಧತಿಯದು. ಅಪ್ಪ, ಅಮ್ಮ, ಮಕ್ಕಳು, ಅಜ್ಜಿ, ಊರಿನ ತೆಂಗಿನಕಾಯಿಯ ಚೀಲ, ಇಷ್ಟನ್ನೂ ಆ ಪುಟ್ಟ ಕಾರು ಹೊತ್ತು ಘಟ್ಟ ಹತ್ತಿದ್ದನ್ನು ನಾವು ಕಂಡಿದ್ದೇವೆ. ಆ ಚೀಲಕ್ಕೆ ಸಿಕ್ಕ ಎಡೆಯ ಹಿಂದೆ, ಹದಿನೈದರ ಪ್ರಾಯದಲ್ಲಿ ಮನೆ ಮಠ ಕಳೆದುಕೊಂಡು ಹಡಗು ಹತ್ತಿದ ಹುಡುಗನೊಬ್ಬನ ಪೆನ್ಸಿಲಿನ ಗೆರೆ ಇದೆ.