ಜಿಜ್ಞಾಸುವೂ ಭಕ್ತರೂ ಆದ ಗುರುದೇವ ರಾನಡೆ

ಬ್ರಹ್ಮಸೂತ್ರಗಳಲ್ಲಿ ಮೊದಲನೆಯ ಸೂತ್ರವೇ ಜಿಜ್ಞಾಸೆಯನ್ನು ವಿಧಿಸುತ್ತದೆ. ಪ್ರತಿಯೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳುಂಟು. ಹೀಗೆ ನಮ್ಮ ಶಾಸ್ತ್ರಕಾರರು ಸಂಶಯಕ್ಕೆ ಹೊರಬಾಗಿಲಿನಲ್ಲಿ ಅಲ್ಲ, ಮನೆಯೊಳಗೇ ಮಣೆ ಹಾಕಿರುವರು. ಆದರೆ ಸಂಶಯವು ಎರಡನೆಯ ಅಂಗವೇ ಹೊರತು ಕೊನೆಯದಲ್ಲ. ಅಲ್ಲಿ ಕುಳಿತುಬಿಡುವವನು ಅಧಿಕರಣವನ್ನು ಅರ್ಧಕ್ಕೇ ಬಿಟ್ಟವನಾಗುತ್ತಾನೆ. ಸಂಶಯವನ್ನು ಬಾಯಿ ಮುಚ್ಚಿಸಿ ನೇರವಾಗಿ ಸಿದ್ಧಾಂತಕ್ಕೆ ಹಾರುವವನೂ ಅಷ್ಟೇ. ಈ ಮಾತಿಗೆ ನಮ್ಮ ಸೀಮೆಯಲ್ಲಿಯೇ ಒಂದು ಉಜ್ಜ್ವಲ ದೃಷ್ಟಾಂತವಾಗಿ ಬಾಳಿದವರು ಗುರುದೇವ ರಾಮಚಂದ್ರ ದತ್ತಾತ್ರೇಯ ರಾನಡೆಯವರು. ಪ್ರವಚನ ಮುಗಿದ ಮೇಲೆ ಇದಕ್ಕೆ ಪ್ರಮಾಣವೇನು ಎಂದು ಕೇಳುವ ನಮ್ಮ ಕಾಲೇಜು ತರುಣರೂ, ಆ ಪ್ರಶ್ನೆಗೆ ಮುಖ ಗಂಟಿಕ್ಕುವ ಹಿರಿಯರೂ ಅವರ ಜೀವನವನ್ನು ಅರಿಯುವುದು ಶ್ರೇಯಸ್ಕರ.

ರಾನಡೆಯವರು ೧೮೮೬ನೆಯ ಇಸವಿ ಜುಲೈ ೩ರಂದು ಜಮಖಂಡಿಯಲ್ಲಿ ಜನಿಸಿದರು. ಆಗ ಜಮಖಂಡಿಯು ಪಟವರ್ಧನ ಮನೆತನದವರ ಸಂಸ್ಥಾನವಾಗಿತ್ತು. ಊರಿನಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಆಡುತ್ತಿದ್ದ ಕಾಲವದು. ಬಾಲಕನ ಬುದ್ಧಿ ತೀಕ್ಷ್ಣವಾಗಿತ್ತು. ಸಂಸ್ಕೃತದಲ್ಲಿ ವಿಶೇಷ ಅಭಿರುಚಿಯಿತ್ತು. ೧೯೦೧ರಲ್ಲಿ, ಇನ್ನೂ ಹದಿನೈದರ ಪ್ರಾಯದಲ್ಲಿ, ಉಮದಿಯ ಶ್ರೀ ಭಾವುಸಾಹೇಬ ಮಹಾರಾಜರಿಂದ ಅವರಿಗೆ ನಾಮೋಪದೇಶವಾಯಿತು. ನಿಂಬರಗಿ ಮಹಾರಾಜರ ಶಿಷ್ಯರಾದ ಭಾವುಸಾಹೇಬರು ಇಂಚಗೇರಿಯಲ್ಲಿ ಮಠವನ್ನು ನೆಲೆಗೊಳಿಸಿದವರು. ನಾಮಸ್ಮರಣೆಯ ನೇಮದಲ್ಲಿ ಅತ್ಯಂತ ಕಟ್ಟುನಿಟ್ಟಿನವರು. ಪವಾಡಗಳನ್ನು ತೋರಿಸಿ ಶಿಷ್ಯರನ್ನು ಕೂಡಿಸುವ ದಾರಿ ಅವರದಾಗಿರಲಿಲ್ಲ. ದಿನವೂ ಕುಳಿತು ನಾಮವನ್ನು ನೆನೆ, ಮುಂದಿನದನ್ನು ನೀನೇ ಕಾಣುವೆ ಎಂಬುದೇ ಅವರ ಬೋಧೆಯ ಸಾರ.

ಬಳಿಕ ರಾನಡೆಯವರು ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಅದು ಪಾಶ್ಚಾತ್ಯ ವಿಚಾರದ ಹೊಸ ಗಾಳಿ ವಿದ್ಯಾರ್ಥಿಗಳ ಮನಸ್ಸನ್ನು ತುಂಬುತ್ತಿದ್ದ ಸಮಯ. ಮಿಲ್ಲ, ಸ್ಪೆನ್ಸರರ ಗ್ರಂಥಗಳನ್ನು ಓದಿದ ಅನೇಕ ತರುಣರು ಸಂಧ್ಯಾವಂದನೆಯನ್ನು ಬಿಟ್ಟರು. ಇನ್ನು ಕೆಲವರು ಆ ಗ್ರಂಥಗಳನ್ನೇ ತೆರೆಯದೆ ತಮ್ಮ ಆಚಾರವನ್ನು ಕಾಪಾಡಿಕೊಂಡರು. ರಾನಡೆಯವರು ಇವೆರಡನ್ನೂ ಮಾಡಲಿಲ್ಲ. ಗುರುಗಳು ಕೊಟ್ಟ ನಾಮ ಒಳಗೆ ನಡೆದೇ ಇತ್ತು; ಆದರೆ ಆ ಒಳಗಿನ ಅನುಭವವು ಬುದ್ಧಿಯ ಪರೀಕ್ಷೆಗೆ ನಿಲ್ಲುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರು ಅದುಮಿಡಲಿಲ್ಲ. ಸಾಧನೆಗೆ ತಾರ್ಕಿಕವಾದ ಸಮರ್ಥನೆ ಬೇಕೆಂಬ ಈ ಹಂಬಲವೇ ತಮ್ಮನ್ನು ತತ್ತ್ವಶಾಸ್ತ್ರದತ್ತ ಎಳೆದುತಂದಿತೆಂಬ ಭಾವವನ್ನು ಅವರು ಮುಂದೆ, ೧೯೩೬ರಲ್ಲಿ ಪ್ರಕಟವಾದ, ತಮ್ಮ ವಿಚಾರವಿಕಾಸವನ್ನು ಕುರಿತ ಲೇಖನದಲ್ಲಿ ವ್ಯಕ್ತಪಡಿಸಿದ್ದಾರೆ. ನಡುವೆ ಕಠಿಣವಾದ ವ್ಯಾಧಿಯೊಂದು ಅವರನ್ನು ಹಾಸಿಗೆಗೆ ಹಿಡಿಯಿತು, ವ್ಯಾಸಂಗ ಕುಂಠಿತವಾಯಿತು. ೧೯೧೪ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಅದೇ ವರ್ಷ ಗುರುಗಳು ದೇಹವನ್ನಿಟ್ಟರು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದ ಮೇಲೆ ರಾನಡೆಯವರು ಗ್ರೀಕ್ ಭಾಷೆಯನ್ನು ಕಲಿತು, ಹಿರಾಕ್ಲೈಟಸ್, ಅರಿಸ್ಟಾಟಲ್ ಮೊದಲಾದವರನ್ನು ಮೂಲದಲ್ಲಿಯೇ ಅಭ್ಯಸಿಸಿದರು. ಪರರ ಪೂರ್ವಪಕ್ಷವನ್ನು ಪರರ ಮಾತಿನಲ್ಲಿಯೇ ಕೇಳಬೇಕೆಂಬುದು ನಮ್ಮ ಟೀಕಾಚಾರ್ಯರ ಪರಂಪರೆಗೂ ಒಪ್ಪುವ ಮರ್ಯಾದೆಯಲ್ಲವೇ? ಈ ವರ್ಷಗಳಲ್ಲಿಯೇ ಅವರ ಮನೆಯ ಮೇಲೆ ದುಃಖದ ಮೇಲೆ ದುಃಖ ಎರಗಿತು. ಪತ್ನಿಯನ್ನೂ ಶಿಶುವನ್ನೂ ಕಳೆದುಕೊಂಡರು. ಸ್ವಂತ ದೇಹವೂ ಮತ್ತೆ ಜರ್ಝರಿತವಾಯಿತು. ನಾಮವನ್ನು ಹಿಡಿದವನಿಗೆ ಇಂಥ ಕಷ್ಟವೇಕೆ ಎಂದು ಲೋಕ ಕೇಳುವ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿಯದೆ ಮನೆಯ ಪ್ರಶ್ನೆಯಾಗಿ ಎದುರು ನಿಂತಿತು. ಆದರೂ ನೇಮ ತಪ್ಪಲಿಲ್ಲ. ವಾದದಲ್ಲಿ ಗೆಲ್ಲುವ ಶ್ರದ್ಧೆ ಬೇರೆ, ಬರಿದಾದ ಮನೆಯಲ್ಲಿ ಕುಳಿತು ಜಪಿಸುವ ಶ್ರದ್ಧೆ ಬೇರೆ.

೧೯೨೬ರಲ್ಲಿ ಉಪನಿಷತ್ತುಗಳ ತತ್ತ್ವವಿಚಾರವನ್ನು ಕುರಿತ ಅವರ ಮಹಾಗ್ರಂಥ ಇಂಗ್ಲಿಷಿನಲ್ಲಿ ಹೊರಬಂದಿತು. ಶಂಕರ, ರಾಮಾನುಜ, ಮಧ್ವ ಈ ಮೂವರು ಆಚಾರ್ಯರ ದರ್ಶನಗಳ ಬೇರುಗಳೂ ಉಪನಿಷತ್ತುಗಳಲ್ಲಿವೆ ಎಂದು ಅವರು ಅಲ್ಲಿ ವಿವೇಚಿಸಿದರು. ೧೯೩೩ರಲ್ಲಿ ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತ ಗ್ರಂಥ ಪ್ರಕಟವಾಯಿತು. ಅನುಭಾವಕ್ಕೂ ಮಾಟಮಂತ್ರ, ಚಮತ್ಕಾರಗಳಿಗೂ ಸಂಬಂಧವಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ಅಂತಃಸ್ಫುರಣವು ಬುದ್ಧಿಯ ವೈರಿಯಲ್ಲ. ಬುದ್ಧಿ, ಭಾವ, ಸಂಕಲ್ಪಗಳ ಹಿಂದೆ ನಿಂತು ಅವುಗಳನ್ನು ಬೆಳಗುವಂಥದು ಎಂಬುದು ಅವರ ನಿಲುವು.

ಇಲ್ಲಿ ವಿಜ್ಞಾನದ ರೀತಿಯನ್ನು ನೆನೆಯಬೇಕು. ಒಬ್ಬ ವಿಜ್ಞಾನಿಯು ತಾನು ಕಂಡ ಫಲವನ್ನು ಹೇಳಿದೊಡನೆ ಉಳಿದವರು ಒಪ್ಪುವುದಿಲ್ಲ. ಅದೇ ಕ್ರಮವನ್ನು ಅನುಸರಿಸಿದ ಮತ್ತೊಬ್ಬನಿಗೂ ಅದೇ ಫಲ ದೊರೆತರೆ ಮಾತ್ರ ಅದು ನಿಲ್ಲುತ್ತದೆ. ರಾನಡೆಯವರು ಭಕ್ತಿಯ ಅನುಭವಕ್ಕೂ ಇಂಥದೇ ಒರೆಗಲ್ಲುಗಳನ್ನು ಹಿಡಿದರು. ಒಬ್ಬರನ್ನೊಬ್ಬರು ಕಾಣದ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ನಾನಾ ದೇಶಗಳ ಸಂತರು ಕಂಡದ್ದು ಒಂದಕ್ಕೊಂದು ಹೊಂದುವುದೇ ಎಂಬುದು ಮೊದಲನೆಯದು. ಆ ಅನುಭವದಿಂದ ಸಾಧಕನ ನಡತೆ ಶುದ್ಧವಾಯಿತೇ ಎಂಬುದು ಎರಡನೆಯದು. ಶೀಲವನ್ನು ಬೆಳೆಸದ ಅನುಭಾವವನ್ನು ಅವರು ಅನುಭಾವವೆಂದೇ ಎಣಿಸಲಿಲ್ಲ. ತುಕಾರಾಮರು ದೇವರ ದರ್ಶನವಾಗದೆ ತೊಳಲಿದ ದಿನಗಳನ್ನು ಅವರು ಮರೆಮಾಚಲಿಲ್ಲ. ಸ್ಪೇನ್ ದೇಶದ ಸಂತ ಜಾನರು ಹೇಳಿದ ಆತ್ಮದ ಕತ್ತಲೆಯ ರಾತ್ರಿಯೇ ಅದೆಂದು ಗುರುತಿಸಿದರು. ಸಂತನಿಗೂ ಸಂದೇಹದ ರಾತ್ರಿ ತಪ್ಪದೆಂದ ಮೇಲೆ ಪಾಮರರಾದ ನಮ್ಮ ಮಕ್ಕಳು ಪ್ರಶ್ನಿಸಿದರೆ ಗದರುವುದೇಕೆ?

ಆದರೆ ಸಾಮ್ಯವನ್ನು ಹೇಳುವಾಗ ಭೇದವನ್ನೂ ಹೇಳುವುದು ತತ್ತ್ವವಾದಿಗಳಾದ ನಮ್ಮ ಧರ್ಮ. ರಾನಡೆಯವರ ಗುರುಪರಂಪರೆ ನಮ್ಮದಲ್ಲ. ಅವರ ಎಲ್ಲ ನಿರ್ಣಯಗಳೂ ನಮ್ಮ ಸಿದ್ಧಾಂತಕ್ಕೆ ಹೊಂದುವುವೆಂದಲ್ಲ. ಶ್ರೀಮದಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನು ಅಂಗೀಕರಿಸಿ, ಪರಬ್ರಹ್ಮನ ವಿಷಯದಲ್ಲಿ ಆಗಮವೇ ಮುಖ್ಯವೆಂದರು. ಭಗವಂತನು ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲೆ ಇಡಬಹುದಾದ ವಸ್ತುವಲ್ಲ. ಆತನು ಸ್ವತಂತ್ರನು, ಪ್ರಸಾದದಿಂದ ಮಾತ್ರ ತೋರುವವನು. ಹಾಗೆಂದು ಆಚಾರ್ಯರು ಅನುಭವವನ್ನು ಕೈಬಿಡಲಿಲ್ಲ. ಜ್ಞಾನದ ಪ್ರಾಮಾಣ್ಯವನ್ನು ಕೊನೆಗೆ ನಿಶ್ಚಯಿಸುವುದು ಸಾಕ್ಷಿಯೇ ಎಂದರು. ಶ್ರವಣ, ಮನನ, ನಿದಿಧ್ಯಾಸನಗಳ ತುದಿಯಲ್ಲಿ ಅಪರೋಕ್ಷಜ್ಞಾನವಾಗಲೇಬೇಕೆಂದರು. ಇವುಗಳಲ್ಲಿ ಮನನವೆಂದರೆ ಯುಕ್ತಿಯಿಂದ ಸಂಶಯವನ್ನು ಕಳೆಯುವುದೇ. ಕೇಳಿದ್ದನ್ನು ಕಾಣುವವರೆಗೆ ಬಿಡಬಾರದೆಂಬ ಈ ಮಾತಿನಲ್ಲಿ ರಾನಡೆಯವರು ನಮಗೆ ದೂರದವರಲ್ಲ.

ಮುಂದೆ ಅವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಕುಲಪತಿಯ ಪದವಿಯನ್ನೂ ನಿರ್ವಹಿಸಿ ೧೯೪೬ರಲ್ಲಿ ನಿವೃತ್ತರಾದರು. ಪದವಿ ಎಷ್ಟು ದೂರ ಒಯ್ದರೂ ಮನಸ್ಸು ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿತ್ತು. ಸೊಲ್ಲಾಪುರದ ರೈಲು ದಾರಿಯ ಆ ಸಣ್ಣ ನಿಲ್ದಾಣದ ಹತ್ತಿರದ ಅವರ ಆಶ್ರಮಕ್ಕೆ ಒಕ್ಕಲಿಗರೂ ಪಂಡಿತರೂ ಬಂದು ಒಂದೇ ಚಾಪೆಯ ಮೇಲೆ ನಾಮಕ್ಕೆ ಕುಳಿತರು. ಪುರಂದರದಾಸರು, ಕನಕದಾಸರು ಮೊದಲಾದ ಕನ್ನಡದ ಅನುಭಾವಿಗಳನ್ನು ಕುರಿತು ಅವರು ಮಾಡಿದ ಉಪನ್ಯಾಸಗಳು ಅವರ ನಿಧನಾನಂತರ, ೧೯೬೦ರಲ್ಲಿ, ಗ್ರಂಥರೂಪದಲ್ಲಿ ಬಂದವು. ೧೯೫೭ನೆಯ ಇಸವಿ ಜೂನ್ ೬ರಂದು ನಿಂಬಾಳದಲ್ಲಿಯೇ ಅವರು ದೇಹತ್ಯಾಗ ಮಾಡಿದರು.

ನಮ್ಮ ಯಮಕನಮರಡಿಯಿಂದ ವಿದ್ಯೆಗಾಗಿ, ಉದ್ಯೋಗಕ್ಕಾಗಿ ಬೆಳಗಾವಿಗೆ ಹೋಗಿಬರುವ ತರುಣರು ಎಷ್ಟೋ ಮಂದಿ. ಅಲ್ಲಿಯ ಹಿಂದವಾಡಿಯಲ್ಲಿ ಗುರುದೇವ ರಾನಡೆ ಮಂದಿರವಿದೆ. ಧರ್ಮಗಳ ಮತ್ತು ದರ್ಶನಗಳ ತೌಲನಿಕ ಅಧ್ಯಯನಕ್ಕೆಂದು ಅವರು ಕಂಡ ಕನಸಿನ ಸಂಸ್ಥೆ ಅಲ್ಲಿದೆ. ಒಮ್ಮೆ ಒಳಹೊಕ್ಕು ಬರಬಹುದು. ಸಂದೇಹವುಳ್ಳವರು ಸಂದೇಹವನ್ನು ಹೊರಗೆ ಬಿಟ್ಟು ಬರಬೇಕೆಂದು ಯಾರೂ ಹೇಳರು. ಆದರೆ ರಸಾಯನಶಾಸ್ತ್ರದ ಒಂದು ಪ್ರಯೋಗಕ್ಕೆ ಕೊಡುವಷ್ಟು ತಾಳ್ಮೆಯನ್ನಾದರೂ ನಾಮಕ್ಕೆ ಕೊಟ್ಟು ನೋಡದೆ ಇದರಲ್ಲಿ ಏನೂ ಇಲ್ಲವೆಂದು ತೀರ್ಪು ಕೊಡುವುದು ವಿಜ್ಞಾನವೂ ಅಲ್ಲ. ಹಿರಿಯರಾದ ನಾವೂ ಪ್ರಶ್ನೆ ಕೇಳಿದವನನ್ನು ನಾಸ್ತಿಕನೆಂದು ಕರೆಯುವ ಮುನ್ನ, ಕೇಳಿದ್ದನ್ನು ನಾವೆಷ್ಟು ಮನನ ಮಾಡಿದ್ದೇವೆಂದು ನಮ್ಮನ್ನೇ ಕೇಳಿಕೊಳ್ಳೋಣ. ಸಂಶಯದಿಂದ ಸಿದ್ಧಾಂತದವರೆಗೆ ನಡೆಯುವ ಬಲವನ್ನು ಶ್ರೀಹರಿವಾಯುಗುರುಗಳು ಎಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು