ಟೈರಿನ ಮೇಲೆ ಹೆಸರು, ತಲೆಯ ಮೇಲೆ ಸಾಲ: ಚಾರ್ಲ್ಸ್ ಗುಡ್‌ಇಯರ್ ಕಥೆ

ಟೈರ್ ಅಂಗಡಿ ಮುಂದೆ ನಿಂತರೆ ಗೋಡೆ ತುಂಬಾ ಹೆಸರುಗಳು. ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ, ಬ್ರಿಡ್ಜ್‌ಸ್ಟೋನ್, ಗುಡ್‌ಇಯರ್. ಮನೆಯ ಹಳೇ ಕಾರಿಗೆ ಹೊಸ ಟೈರ್ ಹಾಕಿಸಬೇಕು ಅಂದಾಗ, ಇಂಜಿನಿಯರಿಂಗ್ ಓದುತ್ತಿರುವ ಮಗನೋ ಮಗಳೋ ಇದ್ದಾರಲ್ಲ ಅಂತ ಆ ಕೆಲಸವನ್ನು ನಮ್ಮ ತಲೆಗೇ ಕಟ್ಟುವುದು ವಾಡಿಕೆ. ನಾವು ಮಾಡೋದೇನು? ಯಾವುದು ಕಮ್ಮಿ ರೇಟು ಅಂತ ಕೇಳಿ, ಇನ್ನೂರು ರೂಪಾಯಿ ಚೌಕಾಸಿ ಮಾಡಿ ವಾಪಸ್ ಬರ್ತೀವಿ.

ಆ ಗೋಡೆಯ ಮೇಲಿನ ಹೆಸರುಗಳಲ್ಲಿ ಒಂದು ನಿಜವಾದ ಮನುಷ್ಯನದು. ತಮಾಷೆ ಏನೆಂದರೆ ಆತ ಜೀವಮಾನದಲ್ಲಿ ಕಾರಿನ ಟೈರ್ ಮಾಡಿದವನಲ್ಲ, ಪೆಟ್ರೋಲ್ ಕಾರು ಕಣ್ಣಲ್ಲೂ ನೋಡಿದವನಲ್ಲ. ಅವನ ಹೆಸರಿನ ಕಂಪನಿಯಿಂದ ಅವನಿಗೆ ಒಂದು ಪೈಸೆಯೂ ಬರಲಿಲ್ಲ. ಆದರೆ ಅವನು ಕಂಡುಹಿಡಿದ ವಿಧಾನ ಇಲ್ಲದಿದ್ದರೆ ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಮ್ಮ ಟೈರುಗಳು ರಸ್ತೆಗೆ ಅಂಟಿಕೊಂಡು ಕೂರುತ್ತಿದ್ದವು. ಈ ಸಲ ಅವನ ಕಥೆ ಹೇಳೋಣ. ಕೊನೆಗೆ ಟೈರ್ ಕೊಳ್ಳುವ ವಿಷಯಕ್ಕೂ ಬರೋಣ, ಏಕೆಂದರೆ ಎರಡಕ್ಕೂ ನೇರ ಸಂಬಂಧ ಇದೆ.

ದಿವಾಳಿಯಾದ ಅಂಗಡಿಯವನು

ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಅಪ್ಪ ಅಮಾಸಾ ಗುಡ್‌ಇಯರ್ ಗುಂಡಿ, ಕೃಷಿ ಸಲಕರಣೆ ಮಾಡಿ ಮಾರುತ್ತಿದ್ದವನು. ಮಗ ಹದಿಹರೆಯದಲ್ಲೇ ಫಿಲಡೆಲ್ಫಿಯಾಕ್ಕೆ ಹೋಗಿ ಹಾರ್ಡ್‌ವೇರ್ ವ್ಯಾಪಾರ ಕಲಿತು ಬಂದ, ಅಪ್ಪನ ಜೊತೆ ಪಾಲುದಾರನಾದ. 1824ರಲ್ಲಿ ಕ್ಲಾರಿಸಾ ಬೀಚರ್ ಜೊತೆ ಮದುವೆ. ಎರಡು ವರ್ಷದ ನಂತರ ಫಿಲಡೆಲ್ಫಿಯಾದಲ್ಲಿ ಸ್ವಂತ ಅಂಗಡಿ ತೆರೆದ. ಶುರುವಿನಲ್ಲಿ ವ್ಯಾಪಾರ ಜೋರಾಗಿಯೇ ಇತ್ತು. ಆದರೆ ಸಾಲ ಕೊಟ್ಟಿದ್ದು ವಾಪಸ್ ಬರಲಿಲ್ಲ, ಆರೋಗ್ಯವೂ ಕೆಟ್ಟಿತು. 1830ರ ಹೊತ್ತಿಗೆ ಎಲ್ಲಾ ಮುಳುಗಿತು. ಆ ಕಾಲದಲ್ಲಿ ಸಾಲ ತೀರಿಸದಿದ್ದರೆ ಜೈಲು. ಗುಡ್‌ಇಯರ್ ಆ ಜೈಲನ್ನು ಒಂದಲ್ಲ, ಹಲವು ಸಲ ನೋಡಿದ.

1834ರಲ್ಲಿ ಅವನು ನ್ಯೂಯಾರ್ಕ್‌ನಲ್ಲಿ ರಾಕ್ಸ್‌ಬರಿ ಇಂಡಿಯಾ ರಬ್ಬರ್ ಕಂಪನಿಯ ಅಂಗಡಿಗೆ ಹೋದ. ಅಲ್ಲಿ ಗಾಳಿ ತುಂಬಿ ನೀರಲ್ಲಿ ತೇಲಲು ಬಳಸುವ ರಬ್ಬರ್ ಜಾಕೆಟ್ ಇತ್ತು. ಅದರ ವಾಲ್ವ್ ಚೆನ್ನಾಗಿಲ್ಲ ಅನ್ನಿಸಿ, ಇನ್ನೂ ಒಳ್ಳೆಯದೊಂದನ್ನು ತಾನೇ ಮಾಡಿಕೊಂಡು ಹೋಗಿ ತೋರಿಸಿದ. ಅಂಗಡಿಯವನು ಅವನಿಗೆ ಬೇರೆಯೇ ಸತ್ಯ ಹೇಳಿದ: ಸಮಸ್ಯೆ ವಾಲ್ವಿನದಲ್ಲ, ರಬ್ಬರಿನದು. ಬೇಸಿಗೆ ಬಂದ ಕೂಡಲೇ ಮಾರಿದ ಮಾಲೆಲ್ಲಾ ಕರಗಿ, ನಾತ ಹೊಡೆದು ವಾಪಸ್ ಬರುತ್ತಿತ್ತು. ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು.

ಸುಳ್ಯ, ಪುತ್ತೂರು ಕಡೆಯ ಗೆಳೆಯರಿಗೆ ರಬ್ಬರ್ ಹಾಲು, ಶೀಟು, ಅದರ ವಾಸನೆ ಎಲ್ಲಾ ಗೊತ್ತು. ಗೊತ್ತಿಲ್ಲದವರು ಹಲಸಿನ ಮೇಣ ನೆನಪಿಸಿಕೊಳ್ಳಿ. ಹಸಿ ರಬ್ಬರು ಬಿಸಿಯಲ್ಲಿ ಹಾಗೆ ಅಂಟಂಟು, ಚಳಿಯಲ್ಲಿ ಕಲ್ಲಿನಂತೆ ಗಟ್ಟಿ. ಅಮೆರಿಕದಲ್ಲಿ ಎರಡು ಋತುಗಳೂ ಜೋರು. ಹಾಗಾಗಿ ರಬ್ಬರ್ ಬೂಟು, ಕೋಟಿಗೆ ದುಡ್ಡು ಹಾಕಿದವರೆಲ್ಲ ಕೈ ಸುಟ್ಟುಕೊಂಡಿದ್ದರು. ಜಾಣರು ರಬ್ಬರಿನ ಸಹವಾಸವೇ ಬೇಡ ಅಂತ ಬಿಟ್ಟು ಓಡುತ್ತಿದ್ದಾಗ ಗುಡ್‌ಇಯರ್ ಅದರೊಳಗೆ ಇಳಿದ.

ಲಟ್ಟಣಿಗೆಯೇ ಲ್ಯಾಬು

ಅವನು ಕೆಮಿಸ್ಟ್ರಿ ಓದಿದವನಲ್ಲ. ಲ್ಯಾಬ್ ಇರಲಿಲ್ಲ, ಗೈಡ್ ಇರಲಿಲ್ಲ. ಫಿಲಡೆಲ್ಫಿಯಾಕ್ಕೆ ವಾಪಸ್ ಬಂದವನನ್ನು ಮತ್ತೆ ಸಾಲಕ್ಕಾಗಿ ಜೈಲಿಗೆ ಹಾಕಿದರು. ಅಲ್ಲಿಗೇ ಹಸಿ ರಬ್ಬರನ್ನೂ ಹೆಂಡತಿಯ ಲಟ್ಟಣಿಗೆಯನ್ನೂ ತರಿಸಿಕೊಂಡು ನಾದಲು ಕೂತ. ಅಂಟು ಹೀರಿಕೊಳ್ಳುವ ಪುಡಿ ಬೆರೆಸಿದರೆ ಸರಿಹೋಗಬಹುದು ಎಂಬುದು ಅವನ ಲೆಕ್ಕ. ಮೆಗ್ನೀಷಿಯಾ ಬೆರೆಸಿ ಶೂ ಮಾಡಿದ. ಬೇಸಿಗೆಯಲ್ಲಿ ಅವೂ ಕರಗಿದವು. ಸುಣ್ಣದ ಜೊತೆ ಕುದಿಸಿದ. ಚೆನ್ನಾಗಿ ಬಂತು ಅನ್ನುವಷ್ಟರಲ್ಲಿ, ಒಂದು ಹನಿ ಹುಳಿ ಬಿದ್ದರೂ ಮತ್ತೆ ಅಂಟಾಗುತ್ತದೆ ಅಂತ ಗೊತ್ತಾಯಿತು.

ಮುಂದೆ ರಬ್ಬರಿನ ಮೇಲಿನ ಬಣ್ಣ ತೆಗೆಯಲು ನೈಟ್ರಿಕ್ ಆಸಿಡ್ ಬಳಸಿದಾಗ ಮೇಲ್ಮೈ ನುಣುಪಾಗಿ, ಒಣಗಿದಂತೆ ಕಂಡಿತು. ಆ ವಿಧಾನಕ್ಕೆ 1837ರಲ್ಲಿ ಪೇಟೆಂಟ್ ಸಿಕ್ಕಿತು, ಬಂಡವಾಳ ಹಾಕುವವರೂ ಸಿಕ್ಕರು. ಅದೇ ವರ್ಷ ಅಮೆರಿಕದಲ್ಲಿ ಆರ್ಥಿಕ ಕುಸಿತ. ಪಾಲುದಾರ ಮುಳುಗಿದ, ಜೊತೆಗೆ ಇವನೂ. ಆಸಿಡ್ ಹೊಗೆ ಕುಡಿದು ಒಮ್ಮೆ ಸಾಯುವ ಸ್ಥಿತಿಗೂ ಬಂದಿದ್ದ.

ಅವನು ಜಾಹೀರಾತಿಗಾಗಿ ತಾನೇ ರಬ್ಬರ್ ಕೋಟು, ಟೋಪಿ, ಶೂ ಹಾಕಿಕೊಂಡು ಓಡಾಡುತ್ತಿದ್ದ. ರಬ್ಬರಿನ ಪರ್ಸು ಇಟ್ಟುಕೊಂಡು, ಅದರಲ್ಲಿ ಬಿಡಿಗಾಸೂ ಇಲ್ಲದೆ ತಿರುಗುವವನೇ ಗುಡ್‌ಇಯರ್ ಅಂತ ಜನ ನಗುತ್ತಿದ್ದರು. ಮನೆಯಲ್ಲಿ ನಗುವ ಸ್ಥಿತಿ ಇರಲಿಲ್ಲ. ಸಾಮಾನು ಒಂದೊಂದಾಗಿ ಅಡವಿಗೆ ಹೋದವು. ಮಕ್ಕಳ ಶಾಲೆ ಪುಸ್ತಕಗಳನ್ನೂ ಮಾರಿದ. ಹಲವು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವನ ಹಠದ ಬಗ್ಗೆ ಬರೆಯುವವರು ಕ್ಲಾರಿಸಾ ಬಗ್ಗೆ ಒಂದೆರಡು ಸಾಲಲ್ಲೇ ಮುಗಿಸುತ್ತಾರೆ. ಆ ಹಠದ ಅರ್ಧ ಬೆಲೆ ತೆತ್ತವಳು ಆಕೆ ಎಂಬುದನ್ನು ನಾವಾದರೂ ಮರೆಯಬಾರದು.

ಒಲೆ ಮತ್ತು ಆಮೇಲಿನ ಐದು ವರ್ಷ

ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ನಥಾನಿಯಲ್ ಹೇವರ್ಡ್ ಎಂಬಾತ ರಬ್ಬರಿಗೆ ಗಂಧಕ ಬೆರೆಸಿ ಬಿಸಿಲಿಗೆ ಒಣಗಿಸುತ್ತಿದ್ದ. ಗುಡ್‌ಇಯರ್ ಅದರ ಪೇಟೆಂಟ್ ಕೊಂಡುಕೊಂಡ. ಸರ್ಕಾರದಿಂದ 150 ಅಂಚೆ ಚೀಲಗಳ ಆರ್ಡರ್ ಸಿಕ್ಕಿತು. ಮಾಡಿ ನೇತುಹಾಕಿದ ಚೀಲಗಳು ಸೆಕೆಗೆ ಮತ್ತೆ ಕರಗಿದವು. ಗಂಧಕ ಹೊರಮೈಯನ್ನು ಮಾತ್ರ ಸರಿಮಾಡಿತ್ತು, ಒಳಗಡೆ ಹಳೇ ಕಥೆಯೇ.

1839ರಲ್ಲಿ ಗಂಧಕ ಬೆರೆತ ರಬ್ಬರಿನ ತುಂಡೊಂದು ಬಿಸಿ ಒಲೆಗೆ ತಾಗಿತು. ಕರಗಬೇಕಿದ್ದ ರಬ್ಬರು ಕರಗಲಿಲ್ಲ, ಚರ್ಮದ ಹಾಗೆ ಸುಟ್ಟಿತು. ಸುಟ್ಟ ಭಾಗದ ಅಂಚಿನಲ್ಲಿ ಅಂಟೂ ಇಲ್ಲದ, ಬಿರುಸೂ ಅಲ್ಲದ, ಚೆನ್ನಾಗಿ ಎಳೆದು ಬಿಡಬಹುದಾದ ಒಂದು ಸಣ್ಣ ಪಟ್ಟಿ ಉಳಿದಿತ್ತು. ಅದನ್ನು ಚಳಿಯಲ್ಲಿ ಹೊರಗಿಟ್ಟು ನೋಡಿದರೂ ಗಟ್ಟಿಯಾಗಲಿಲ್ಲ.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸಿ ಅದೃಷ್ಟ ಅಂತಾರೆ. ಗುಡ್‌ಇಯರ್ ಅದನ್ನು ಒಪ್ಪಲಿಲ್ಲ. ಅದನ್ನೇ ಹುಡುಕುತ್ತಿದ್ದ ಕಣ್ಣಿಗೆ ಮಾತ್ರ ಆ ಪಟ್ಟಿಯ ಅರ್ಥ ಆಗುತ್ತಿತ್ತು ಎಂಬುದು ಅವನ ವಾದ. ನಮಗೆ ಇನ್ನೂ ಮುಖ್ಯ ಅನ್ನಿಸುವುದು ಆಮೇಲಿನ ಐದು ವರ್ಷ. ಸುಟ್ಟ ತುಂಡಿನ ಅಂಚಲ್ಲಿ ಒಂದು ಪಟ್ಟಿ ಸಿಕ್ಕರೆ ಅದು ಪ್ರಾಡಕ್ಟ್ ಅಲ್ಲ. ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಅಂತ ಗೊತ್ತಾಗಬೇಕು. ಪ್ರತಿ ಸಲವೂ ಅದೇ ಫಲಿತಾಂಶ ಬರಬೇಕು. ಹೆಂಡತಿ ರೊಟ್ಟಿ ಬೇಯಿಸುವ ಒಲೆಯಲ್ಲಿ, ಕಾರ್ಖಾನೆಯವರ ಕೈಕಾಲು ಹಿಡಿದು ಅವರ ಬಾಯ್ಲರುಗಳಲ್ಲಿ ಪ್ರಯೋಗ ನಡೆಯಿತು. ಕೊನೆಗೆ ಒತ್ತಡದ ಹಬೆಯಲ್ಲಿ, ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವು ಗಂಟೆ ಬೇಯಿಸಿದರೆ ಒಳಗೂ ಹೊರಗೂ ಸಮನಾಗಿ ಬರುತ್ತದೆ ಎಂಬಲ್ಲಿಗೆ ಬಂದು ನಿಂತ. 1844ರ ಜೂನ್ 15ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 3633.

ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಪಾಲಿಮರ್ ಓದಿದವರಿಗೆ ಇಲ್ಲಿ ಏನಾಯಿತು ಅಂತ ಗೊತ್ತು. ಹಸಿ ರಬ್ಬರು ಅಂದರೆ ಪಾಲಿಐಸೋಪ್ರೀನ್‌ನ ಉದ್ದುದ್ದ ಸರಪಳಿಗಳು, ಬೇಯಿಸಿದ ಶ್ಯಾವಿಗೆ ಹಾಗೆ ಒಂದರ ಮೇಲೊಂದು ಜಾರುತ್ತವೆ. ಗಂಧಕ ಶಾಖದಲ್ಲಿ ಎಳೆ ಎಳೆಗೂ ನಡುವೆ ಸೇತುವೆ ಕಟ್ಟುತ್ತದೆ. ಜಾರುವುದು ನಿಂತು, ಎಳೆದರೆ ವಾಪಸ್ ಬರುವ ಗುಣ ಬರುತ್ತದೆ. ಸೇತುವೆ ಕಮ್ಮಿ ಆದರೆ ಅಂಟು, ತೀರಾ ಜಾಸ್ತಿ ಆದರೆ ಎಬೊನೈಟಿನಂತೆ ಗಟ್ಟಿ. ಈ ಕಡೆಯ ಮಾತನ್ನು ನೆನಪಲ್ಲಿಡಿ, ಟೈರ್ ಅಂಗಡಿಯಲ್ಲಿ ಬೇಕಾಗುತ್ತದೆ. ಇದೆಲ್ಲಾ ಗುಡ್‌ಇಯರ್‌ಗೆ ಗೊತ್ತಿರಲಿಲ್ಲ. ರಬ್ಬರಿನ ರಚನೆ ತಿಳಿಯುವ ವಿಜ್ಞಾನ ಅವನ ಕಾಲಕ್ಕೆ ಹುಟ್ಟಿರಲೇ ಇಲ್ಲ.

ಗೆದ್ದ ಕೇಸು, ಉಳಿದ ಸಾಲ

ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಎಂಬ ರಬ್ಬರ್ ಉದ್ಯಮಿಯ ಕೈಗೆ ಗುಡ್‌ಇಯರ್‌ನ ಮಾದರಿ ತುಂಡುಗಳು ಸಿಕ್ಕಿದ್ದವು. ಆತನೂ ಪ್ರಯೋಗ ಮಾಡಿ, ಗುಡ್‌ಇಯರ್ ಅಲ್ಲಿ ಅರ್ಜಿ ಹಾಕುವ ಕೆಲವೇ ವಾರಗಳ ಮುಂಚೆ, 1843ರ ನವೆಂಬರ್‌ನಲ್ಲಿ ತನ್ನ ಪೇಟೆಂಟಿಗೆ ಅರ್ಜಿ ಹಾಕಿಬಿಟ್ಟ. ಈ ವಿಧಾನಕ್ಕೆ ರೋಮನ್ನರ ಅಗ್ನಿದೇವತೆ ವಲ್ಕನ್ ಹೆಸರಿನಿಂದ ವಲ್ಕನೈಸೇಶನ್ ಅಂತ ಹೆಸರು ಬಂದದ್ದೂ ಹ್ಯಾನ್‌ಕಾಕ್‌ನ ಸ್ನೇಹಿತನಿಂದಲೇ. ಇಂಗ್ಲೆಂಡಿನ ಹಕ್ಕು ಗುಡ್‌ಇಯರ್‌ಗೆ ಕೊನೆಗೂ ದಕ್ಕಲಿಲ್ಲ.

ಅಮೆರಿಕದಲ್ಲೂ ಪೇಟೆಂಟ್ ಮುರಿದವರ ಸಾಲು ದೊಡ್ಡದು. 1852ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ದೊಡ್ಡ ಕೇಸು ನಡೆಯಿತು. ಗುಡ್‌ಇಯರ್ ಪರ ವಾದಿಸಿದವನು ಆಗ ದೇಶದ ವಿದೇಶಾಂಗ ಮಂತ್ರಿಯೇ ಆಗಿದ್ದ ಡೇನಿಯಲ್ ವೆಬ್‌ಸ್ಟರ್. ಕೇಸು ಗೆದ್ದಿತು. ವಕೀಲರ ಫೀಸು 15,000 ಡಾಲರ್, ಆ ಕಾಲಕ್ಕೆ ಭಾರೀ ಮೊತ್ತ. ಇತ್ತ ಗುಡ್‌ಇಯರ್ ತನ್ನ ಲೈಸೆನ್ಸುಗಳನ್ನು ಚಿಲ್ಲರೆ ರಾಯಧನಕ್ಕೆ ಮಾರಿಕೊಂಡಿದ್ದ.

ಬಂದ ದುಡ್ಡನ್ನೂ ಅವನು ಉಳಿಸಲಿಲ್ಲ. 1851ರ ಲಂಡನ್ ಪ್ರದರ್ಶನದಲ್ಲಿ, 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಎಲ್ಲವನ್ನೂ ರಬ್ಬರಿನಿಂದಲೇ ಮಾಡಿ ಅರಮನೆಯಂಥ ಮಳಿಗೆ ಹಾಕಿದ. ಎರಡಕ್ಕೂ ಸೇರಿ ಹತ್ತಾರು ಸಾವಿರ ಡಾಲರ್ ಖರ್ಚು. ನಡುವೆ 1853ರಲ್ಲಿ ಕ್ಲಾರಿಸಾ ತೀರಿಕೊಂಡಳು. ಪ್ಯಾರಿಸ್‌ನಲ್ಲಿ ಫ್ರೆಂಚ್ ಪೇಟೆಂಟ್ ರದ್ದಾಗಿ, ಸಾಲಗಾರರು ಅವನನ್ನು ಅಲ್ಲಿಯೂ ಜೈಲಿಗೆ ಕಳಿಸಿದರು. ಫ್ರಾನ್ಸಿನ ದೊಡ್ಡ ಗೌರವವಾದ ಲೀಜನ್ ಆಫ್ ಆನರ್ ಪದಕ ಅವನ ಕೈ ಸೇರಿದ್ದು ಆ ಜೈಲಿನಲ್ಲೇ.

1860ರಲ್ಲಿ ಮಗಳ ಆರೋಗ್ಯ ಕೆಟ್ಟಿದೆ ಅಂತ ನೋಡಲು ಹೊರಟವನಿಗೆ ನ್ಯೂಯಾರ್ಕ್ ತಲುಪುವಷ್ಟರಲ್ಲಿ ಅವಳು ಹೋದ ಸುದ್ದಿ ಸಿಕ್ಕಿತು. ಅಲ್ಲೇ ಕುಸಿದ. ಜುಲೈ 1ರಂದು, 59ನೇ ವಯಸ್ಸಿನಲ್ಲಿ ಸತ್ತಾಗ ತಲೆಯ ಮೇಲೆ ಸುಮಾರು ಎರಡು ಲಕ್ಷ ಡಾಲರ್ ಸಾಲ ಇತ್ತು. ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಓಹಾಯೋದ ಆಕ್ರನ್‌ನಲ್ಲಿ ಫ್ರಾಂಕ್ ಸೈಬರ್ಲಿಂಗ್ ತನ್ನ ಟೈರ್ ಕಂಪನಿಗೆ ಗುಡ್‌ಇಯರ್ ಹೆಸರಿಟ್ಟದ್ದು 1898ರಲ್ಲಿ, ಕೇವಲ ಗೌರವಕ್ಕಾಗಿ. ಆ ಕುಟುಂಬಕ್ಕೂ ಕಂಪನಿಗೂ ಸಂಬಂಧ ಇರಲಿಲ್ಲ.

ಈಗ ಅಂಗಡಿಗೆ ಹೋಗೋಣ

ಗುಡ್‌ಇಯರ್ ಬೇಯಿಸಿ ನಿಲ್ಲಿಸಿದ ಆ ರಾಸಾಯನಿಕ ಕ್ರಿಯೆ ನಿಜವಾಗಿ ಪೂರ್ತಿ ನಿಲ್ಲುವುದಿಲ್ಲ. ಬಿಸಿಲು, ಆಮ್ಲಜನಕ, ಓಝೋನ್ ಸೇರಿ ಟೈರಿನ ರಬ್ಬರನ್ನು ವರ್ಷ ವರ್ಷಕ್ಕೂ ಗಟ್ಟಿ ಮಾಡುತ್ತಾ ಹೋಗುತ್ತವೆ. ಒಂದು ಕಿಲೋಮೀಟರೂ ಓಡದೆ ಗೋಡೌನಿನಲ್ಲಿ ಕೂತ ಟೈರಿಗೂ ವಯಸ್ಸಾಗುತ್ತದೆ. ಹಾಗಾಗಿ ಕಮ್ಮಿ ರೇಟು ಅಂದ ಕೂಡಲೇ ಮೊದಲು ನೋಡಬೇಕಾದ್ದು ತಯಾರಾದ ದಿನಾಂಕ. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ. ಎರಡು ಮೂರು ವರ್ಷ ಹಳೆಯ ಸ್ಟಾಕನ್ನು ಆಫರ್ ಅಂತ ಕೊಟ್ಟರೆ, ನೀವು ಕೊಳ್ಳುತ್ತಿರುವುದು ಆಯಸ್ಸು ಕಳೆದ ಟೈರ್. ಬೇರೆ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಸೆಕೆಂಡ್ ಹ್ಯಾಂಡ್ ಟೈರ್ ವಿಷಯವೂ ಅಷ್ಟೇ. ಗೀರುಗಳು ಆಳವಾಗಿ ಕಾಣುತ್ತವೆ, ಬೆಲೆ ಅರ್ಧ. ಆದರೆ ರಬ್ಬರು ಗಟ್ಟಿಯಾಗಿದ್ದರೆ ಮಳೆಯಲ್ಲಿ ಬ್ರೇಕ್ ಹಿಡಿದಾಗ ಹಿಡಿತ ಸಿಗದು. ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಸವೆದ ಟೈರಿಗೆ ಮತ್ತೆ ಗೀರು ಕೊರೆದು ಮಾರುವುದೂ ಉಂಟು, ಅದಂತೂ ಪ್ರಾಣಕ್ಕೇ ಕುತ್ತು.

ಎರಡನೆಯದು ಸೈಜು. 165/80 ಆರ್14 85ಟಿ ಅಂತಿದ್ದರೆ ಅಗಲ 165 ಮಿಲಿಮೀಟರ್, ಎತ್ತರ ಅದರ ಶೇ. 80, ರೇಡಿಯಲ್, ರಿಮ್ 14 ಇಂಚು. 85 ಅಂದರೆ ಒಂದು ಟೈರ್ 515 ಕೆಜಿ ಹೊರುತ್ತದೆ, ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. ಸರಿಯಾದ ಸೈಜು ಡ್ರೈವರ್ ಬಾಗಿಲಿನ ಸ್ಟಿಕ್ಕರ್‌ನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ. ಭಾರದ ಅಂಕಿ ಅದಕ್ಕಿಂತ ಕಮ್ಮಿ ಇರುವ ಟೈರನ್ನು ಅಗ್ಗ ಅಂತ ಹಾಕಿಸಬೇಡಿ. ಐಎಸ್‌ಐ ಗುರುತೂ ಇರಲಿ.

ಮೂರನೆಯದು ಲೆಕ್ಕ. 3,500 ರೂಪಾಯಿಯ ಟೈರ್ 30,000 ಕಿ.ಮೀ. ಬಂದರೆ ಕಿಲೋಮೀಟರಿಗೆ ಸುಮಾರು 12 ಪೈಸೆ. 4,500ರದ್ದು 45,000 ಬಂದರೆ 10 ಪೈಸೆ. ಇವು ಉದಾಹರಣೆಗೆ ಹಿಡಿದ ಅಂಕಿಗಳು, ಆದರೆ ಲೆಕ್ಕ ಹಾಕುವ ದಾರಿ ಇದು. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್, ಅಲೈನ್‌ಮೆಂಟ್ ಎಲ್ಲಾ ಸೇರಿ ಎಷ್ಟು, ಹಳೇ ಟೈರಿಗೆ ಎಷ್ಟು ಕಳೀತೀರಿ ಅಂತ ಒಟ್ಟಿಗೇ ಕೇಳಿ, ಬಿಲ್ ತಗೊಳ್ಳಿ. ಅಲೈನ್‌ಮೆಂಟ್ ಸರಿಯಿಲ್ಲದ ಕಾರು ಎಂಥ ದುಬಾರಿ ಟೈರನ್ನೂ ಒಂದೇ ಕಡೆ ತಿಂದು ಹಾಕುತ್ತದೆ.

ನಾಲ್ಕಕ್ಕೂ ದುಡ್ಡು ಸಾಲದಿದ್ದರೆ ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ಕೊಳ್ಳಿ. ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸುವುದು ಒಳ್ಳೆಯದು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಸಾಮಾನ್ಯ ಡ್ರೈವರ್‌ಗೆ ಹಿಡಿಯಲು ಆಗದು. ಗೀರುಗಳ ನಡುವಿನ ಸಣ್ಣ ಉಬ್ಬುಗಳ ಮಟ್ಟಕ್ಕೆ, ಅಂದರೆ 1.6 ಮಿಲಿಮೀಟರಿಗೆ ಸವೆದ ಟೈರನ್ನು ಬದಲಿಸಲೇಬೇಕು, ಕಾನೂನೂ ಅದನ್ನೇ ಹೇಳುತ್ತದೆ.

ಕಾರು ಇಲ್ಲದವರು ಇದು ನಮಗಲ್ಲ ಅನ್ನಬೇಡಿ. ಬೈಕಿನ ಟೈರಲ್ಲೂ ಅದೇ ನಾಲ್ಕು ಅಂಕಿ ಇರುತ್ತವೆ. ಇವತ್ತು ಸಂಜೆ ಪಾರ್ಕಿಂಗ್‌ಗೆ ಹೋದಾಗ ಮೊಬೈಲ್ ಟಾರ್ಚ್ ಹಾಕಿ ಒಮ್ಮೆ ಓದಿ ನೋಡಿ. ನಿಮ್ಮ ಗಾಡಿಯ ರಬ್ಬರು ನೀವು ಪಿಯುಸಿಯಲ್ಲಿದ್ದಾಗ ಬೆಂದದ್ದೋ, ಹೈಸ್ಕೂಲಿನಲ್ಲಿದ್ದಾಗ ಬೆಂದದ್ದೋ ಗೊತ್ತಾಗಲಿ.